ಕಪಿಲೆಯ ಲೆಕ್ಕದಲ್ಲಿ ಕಡಲಿನ ಪಾಲು

ನಂಜನಗೂಡು, ತಿ. ನರಸೀಪುರದ ಸಂತೆಗೆ ಬರುವ ಬಂಗುಡೆ, ಭೂತಾಯಿ ಪಡುವಣ ಕಡಲಿನವು. ಮಂಗಳೂರು, ಮಲ್ಪೆಯ ಕಡೆಯಿಂದ ಐಸು ಹೊದ್ದುಕೊಂಡು ಘಾಟಿ ಹತ್ತಿ ಬರುತ್ತವೆ. ಆದರೆ ಈ ಎರಡು ತಾಲ್ಲೂಕುಗಳ ನೀರು ಹೋಗುವುದು ಮೂಡಣ ಕಡಲಿಗೆ. ನಂಜನಗೂಡಿನಲ್ಲಿ ಕೌಂಡಿನ್ಯೆಯನ್ನು, ಅಂದರೆ ಗುಂಡ್ಲು ಹೊಳೆಯನ್ನು, ಸೇರಿಸಿಕೊಂಡ ಕಪಿಲೆ (ಕಬಿನಿ) ತಿರುಮಕೂಡಲಿನಲ್ಲಿ ಕಾವೇರಿಗೆ ಕೂಡುತ್ತಾಳೆ. ಅಲ್ಲಿಂದ ತಲಕಾಡು, ಶಿವನಸಮುದ್ರ, ಮೇಕೆದಾಟು, ಮೆಟ್ಟೂರು, ತಿರುಚ್ಚಿ ದಾಟಿ, ಒಂದು ಕವಲು ಪೂಂಪುಹಾರಿನ ಬಳಿ, ಇನ್ನೊಂದು ದೊಡ್ಡ ಕವಲು ಕೊಳ್ಳಿಡಂ ಎಂಬ ಹೆಸರಿನಲ್ಲಿ ಇನ್ನೂ ಬಡಗಲಿಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಹಾಗಾಗಿ ಇಲ್ಲಿಯವರು ಉಣ್ಣುವ ಕಡಲು ಒಂದು, ಇಲ್ಲಿಯ ಹೊಳೆ ಸೇರುವ ಕಡಲು ಇನ್ನೊಂದು. ಮೊದಲನೆಯದರ ಸುದ್ದಿ ಪ್ರತಿ ವರ್ಷ ಜೂನ್, ಜುಲೈ ತಿಂಗಳಲ್ಲಿ ತಾನಾಗಿ ತಲುಪುತ್ತದೆ. ಕರಾವಳಿಯಲ್ಲಿ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನಿನ ಬೆಲೆ ಏರುತ್ತದೆ. ಎರಡನೆಯದರ ಗೋಜಿಗೆ ಯಾರೂ ಹೋಗುವುದಿಲ್ಲ. ‘ನೀಲಿ ಆರ್ಥಿಕತೆ’ಯ ಮಾತು ಬಂದಾಗಲೆಲ್ಲ ಬಂದರು, ಆಳಸಮುದ್ರದ ಖನಿಜ, ಸಿಗಡಿ ರಫ್ತು ಎನ್ನುತ್ತೇವೆ. ತೀರದಿಂದ ನೂರಾರು ಕಿಲೋಮೀಟರು ಒಳಗಿರುವ ಊರುಗಳಿಗೂ ಅದಕ್ಕೂ ಏನು ಸಂಬಂಧ ಎನ್ನಿಸುವುದು ಸಹಜ. ಸಂಬಂಧವಿದೆ, ಅದೂ ಹಣಕಾಸಿನ ಸಂಬಂಧ ಎಂಬುದು ಈ ಲೇಖನದ ವಾದ. ಕಡಲಿನ ಸಂಪತ್ತನ್ನು ಕಾಯುವ ಕೆಲಸ ಕಡಲತೀರದಲ್ಲಿ ಶುರುವಾದರೆ ಆಗಲೇ ತಡವಾಗಿರುತ್ತದೆ. ಅದು ಶುರುವಾಗಬೇಕಾದದ್ದು ಹೊಳೆಯ ಲೆಕ್ಕಪತ್ರದಲ್ಲಿ, ಮತ್ತು ಆ ಲೆಕ್ಕಪತ್ರದ ಒಂದು ಮುಖ್ಯ ಪುಟ ಬರೆಯುವುದು ತಿ. ನರಸೀಪುರದಲ್ಲಿ.

ಕಡಲು ಯಾರದು ಎಂಬುದಕ್ಕೆ ಕಾಗದದಲ್ಲಿ ಸ್ಪಷ್ಟ ಉತ್ತರವಿದೆ. 1976ರ ನಮ್ಮ ಕಾಯ್ದೆಯ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿಯವರೆಗೆ ದೇಶದ ಪ್ರಾದೇಶಿಕ ಸಮುದ್ರ, 200 ಮೈಲಿಯವರೆಗೆ ವಿಶೇಷ ಆರ್ಥಿಕ ವಲಯ. ಸಂವಿಧಾನದ ಏಳನೇ ಅನುಸೂಚಿ ಮೀನುಗಾರಿಕೆಯನ್ನು ರಾಜ್ಯಗಳಿಗೆ ಕೊಟ್ಟು, ಪ್ರಾದೇಶಿಕ ಸಮುದ್ರದ ಆಚೆಯ ಮೀನುಗಾರಿಕೆಯನ್ನು ಕೇಂದ್ರಕ್ಕೆ ಉಳಿಸಿದೆ. ನೀರು ರಾಜ್ಯದ ವಿಷಯ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರದ ಕೈಯಲ್ಲಿ. ಹೊಳೆಯ ಮಾಲಿನ್ಯ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಣೆ, ಮರಳು ಗಣಿ ಇಲಾಖೆಯ ಹೊಣೆ, ಅಣೆಕಟ್ಟೆಯ ಗೇಟು ನೀರಾವರಿ ನಿಗಮದ ಹೊಣೆ. ಇಷ್ಟೆಲ್ಲ ಕಚೇರಿಗಳ ನಡುವೆ ಹೊಳೆ ಕಡಲನ್ನು ಸೇರುವ ಅಳಿವೆ ಮಾತ್ರ ಯಾರ ಮೇಜಿನ ಮೇಲೂ ಇಡಿಯಾಗಿ ಬರುವುದಿಲ್ಲ. ವಿಚಿತ್ರವೆಂದರೆ ಅಂತಾರಾಷ್ಟ್ರೀಯ ಕಾನೂನು ಇದನ್ನು ಮೊದಲೇ ಕಂಡಿತ್ತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 207ನೇ ವಿಧಿ, ನೆಲದಿಂದ ಬರುವ ಮಾಲಿನ್ಯವನ್ನು ತಡೆಯುವ ಕಾನೂನು ಮಾಡಿ ಎಂದು ಸದಸ್ಯ ದೇಶಗಳಿಗೆ ಹೇಳುವಾಗ ನದಿ, ಅಳಿವೆಗಳನ್ನು ಹೆಸರಿಸಿಯೇ ಹೇಳುತ್ತದೆ. ಭಾರತ ಆ ಒಪ್ಪಂದವನ್ನು 1995ರಲ್ಲಿ ಅನುಮೋದಿಸಿತು. ಕಾನೂನಿನ ದೃಷ್ಟಿಯಿಂದ ನೋಡಿದರೆ ಕಪಿಲೆಗೆ ಬೀಳುವ ಒಂದು ಚರಂಡಿಯೂ ಸಮುದ್ರದ ವಿಷಯವೇ. ಆಚರಣೆಯಲ್ಲಿ ಅಲ್ಲ.

ಇನ್ನು ನೀರಿನ ಲೆಕ್ಕ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರವರಿಯಲ್ಲಿ ಕೊಟ್ಟ ಅಂತಿಮ ತೀರ್ಪು ಕಣಿವೆಯ ಒಟ್ಟು ನೀರನ್ನು 740 ಟಿಎಂಸಿ ಎಂದು ಹಿಡಿಯಿತು. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಈ ಅಂಕಿಗಳು ನಮ್ಮ ಕಡೆ ಹೋಟೆಲಿನ ಬೆಂಚಿನ ಮೇಲೂ ಬಾಯಿಪಾಠ. ಉಳಿದ 14 ಟಿಎಂಸಿಯ ಮಾತು ಅಷ್ಟಾಗಿ ಬರುವುದಿಲ್ಲ. ಅದರಲ್ಲಿ 10 ಪರಿಸರ ರಕ್ಷಣೆಗೆ, 4 ಸಮುದ್ರಕ್ಕೆ. ಆ ನಾಲ್ಕನ್ನಾದರೂ ಸಮುದ್ರದ ಹಕ್ಕು ಎಂದು ಕೊಟ್ಟದ್ದಲ್ಲ, ಎಷ್ಟು ತಡೆದರೂ ತಪ್ಪಿಸಿಕೊಂಡು ಹೋಗುವ ನೀರು ಎಂಬ ಬಾಬತ್ತಿನಲ್ಲಿ ಬರೆದಿಟ್ಟದ್ದು. ಒಟ್ಟು ನೀರಿನಲ್ಲಿ ಅದು ನೂರಕ್ಕೆ ಅರ್ಧ ಪಾಲಿಗಿಂತ ಒಂದಿಷ್ಟು ಹೆಚ್ಚು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು, ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು. ಕಡಲಿನ ನಾಲ್ಕನ್ನು ಯಾರೂ ಮುಟ್ಟಲಿಲ್ಲ, ಮುಟ್ಟುವಂತೆ ಕೇಳುವ ಕಕ್ಷಿದಾರರೂ ಇರಲಿಲ್ಲ. ಕಾವೇರಿ ಮೊಕದ್ದಮೆಯಲ್ಲಿ ರೈತರು ಇದ್ದರು, ನಗರಗಳಿದ್ದವು, ಕೈಗಾರಿಕೆಗಳಿದ್ದವು. ಅಳಿವೆಯ ಮೀನುಗಾರರ ಪರವಾಗಿ ಯಾವ ಪಾಲೂ ಬರೆದಿಲ್ಲ.

ಹೊಳೆಯ ಸಿಹಿನೀರು ಕಡಲಿಗೆ ಬೇಕೇ ಬೇಕೆ? ಇದಕ್ಕೆ ಜಗತ್ತು ಕಂಡ ದೊಡ್ಡ ಪ್ರಯೋಗ ಈಜಿಪ್ಟಿನದು. ಅಸ್ವಾನಿನ ಎತ್ತರದ ಅಣೆಕಟ್ಟೆ 1964ರಿಂದ ನೈಲ್ ನದಿಯ ನೆರೆಯನ್ನು ತಡೆದು ನಿಲ್ಲಿಸಿತು. ಪ್ರತಿ ನೆರೆಯಲ್ಲೂ ಗೋಡುಮಣ್ಣಿನ ಜೊತೆ ಕಡಲಿಗಿಳಿಯುತ್ತಿದ್ದ ಪೋಷಕಾಂಶಗಳು ಅಲ್ಲಿನ ಸೂಕ್ಷ್ಮ ಸಸ್ಯಗಳನ್ನು ಬೆಳೆಸುತ್ತಿದ್ದವು. ಅವನ್ನು ತಿಂದು ಭೂತಾಯಿಯ ಬಳಗದ ಮೀನು ಮೆಡಿಟರೇನಿಯನ್ ದಡದಲ್ಲಿ ಗುಂಪುಗುಂಪಾಗಿ ಕೂಡುತ್ತಿತ್ತು. 1962ರಲ್ಲಿ ಸುಮಾರು 18,000 ಟನ್ ಇದ್ದ ಆ ಮೀನಿನ ಫಸಲು ದಶಕದ ಕೊನೆಗೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅನುಕೂಲವಾಗಿರುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. 1980ರ ದಶಕದಿಂದ ಅಲ್ಲಿನ ಮೀನುಗಾರಿಕೆ ಮತ್ತೆ ಚೇತರಿಸಿಕೊಂಡಿತು. ಕಾರಣ, ಬೆಳೆದ ನಗರಗಳ ಕೊಳಚೆ ಮತ್ತು ಹೊಲಗಳಿಂದ ತೊಳೆದುಹೋದ ರಸಗೊಬ್ಬರ ಎಂದು ಅಮೆರಿಕದ ಸಮುದ್ರ ವಿಜ್ಞಾನಿ ಸ್ಕಾಟ್ ನಿಕ್ಸನ್ ತೋರಿಸಿದರು. ಹಾಗಾದರೆ ಕೊಳಚೆ ಬಿಟ್ಟರೂ ಮೀನು ಬೆಳೆಯುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಬೆಳೆಯುತ್ತದೆ, ಒಂದು ಮಿತಿಯವರೆಗೆ. ಆಮೇಲೆ ಆ ಕೊಳಚೆ, ಗೊಬ್ಬರದ ಸಾರಜನಕವೇ ನೀರಿನೊಳಗಿನ ಆಮ್ಲಜನಕವನ್ನು ಹೀರಿಸುತ್ತದೆ. ಬಂಗಾಳ ಕೊಲ್ಲಿಯಂಥ ಕಡಲಿನಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಮಧ್ಯದ ಆಳದಲ್ಲಿ ಆಮ್ಲಜನಕ ಈಗಾಗಲೇ ಅಳತೆಗೆ ಸಿಗದಷ್ಟು ಕಡಿಮೆ ಎಂದು 2017ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು ಎಚ್ಚರಿಸಿತ್ತು. ನೈಲ್ ಕಲಿಸುವುದು ಇಷ್ಟು: ಒಳನಾಡಿನಲ್ಲಿ ಹೊಳೆಗೆ ಏನು ಮಾಡಿದರೂ ಅದರ ಲೆಕ್ಕ ಕಡಲ ಮೀನಿನಲ್ಲಿ ಬರುತ್ತದೆ, ಲಾಭವೂ ನಷ್ಟವೂ.

ಕಾವೇರಿಯದೇ ಉದಾಹರಣೆ ಬೇಕೆಂದರೆ ಹಿಲ್ಸಾ ಮೀನಿದೆ, ಗೋದಾವರಿಯ ಕಡೆಯವರು ಪುಲಸ ಎಂದು ಜೀವ ಬಿಡುವ ಅದೇ ಮೀನು. ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹೊಸನೀರಿನ ಎದುರು ಈಜಿ ಹೊಳೆ ಏರುವ ಜಾತಿ ಅದು. ಆರ್ಥರ್ ಕಾಟನ್ 1836ರ ಹೊತ್ತಿಗೆ ಕೊಳ್ಳಿಡಂಗೆ ಅಡ್ಡಲಾಗಿ ಮೇಲಣೆ, ಕೆಳಣೆಗಳನ್ನು ಕಟ್ಟಿದಾಗ ತಂಜಾವೂರಿನ ಭತ್ತ ಉಳಿಯಿತು, ಹಿಲ್ಸಾದ ದಾರಿಗೆ ಮೊದಲ ಅಡ್ಡಿ ಬಂತು. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಮುಗಿದ ಮೇಲೆ ಅದರ ಮೇಲಿನ ಕಾವೇರಿಯಲ್ಲಿ ಹಿಲ್ಸಾ ಮಾತೇ ಇಲ್ಲವಾಯಿತು. ಅಣೆಕಟ್ಟೆಗಳು ಮೀನಿನ ಹಾದಿಯನ್ನು ಮುಚ್ಚುತ್ತಿವೆ ಎಂದು ಫ್ರಾನ್ಸಿಸ್ ಡೇ ಎಂಬ ಬ್ರಿಟಿಷ್ ಮತ್ಸ್ಯವಿಜ್ಞಾನಿ 1873ರಷ್ಟು ಹಿಂದೆಯೇ ಸರ್ಕಾರಕ್ಕೆ ವರದಿ ಬರೆದಿದ್ದ. ನೀರಾವರಿಯ ಲಾಭ ಎಷ್ಟು ದೊಡ್ಡದಿತ್ತೆಂದರೆ ಆ ನಷ್ಟವನ್ನು ತೂಗಿ ನೋಡುವ ಅಗತ್ಯವೇ ಆಗಿನವರಿಗೆ ಕಾಣಲಿಲ್ಲ. ಅದನ್ನು ಇಂದು ತಪ್ಪೆಂದು ಬೈಯುವುದು ಸುಲಭ, ನ್ಯಾಯವಲ್ಲ. ಆದರೆ ನಷ್ಟ ಬರೆದಿಡದೆ ಲಾಭ ಮಾತ್ರ ಬರೆಯುವ ಅಭ್ಯಾಸ ಅಲ್ಲಿಂದ ಇಲ್ಲಿಯವರೆಗೆ ಬಂದುಬಿಟ್ಟಿತು.

ಮೀನಿಗಿಂತಲೂ ದೊಡ್ಡ ಬಾಬತ್ತು ಮರಳಿನದು. ಹೊಳೆ ಕಡಲಿಗೆ ಕೊಡುವುದು ನೀರನ್ನಷ್ಟೇ ಅಲ್ಲ, ದಡವನ್ನೂ. ಮುಖಜಭೂಮಿ ತನ್ನ ಭಾರಕ್ಕೆ ತಾನೇ ಕುಸಿಯುತ್ತಿರುತ್ತದೆ. ಪ್ರತಿ ವರ್ಷ ಮೇಲಿನಿಂದ ಬರುವ ಮಣ್ಣು ಮರಳು ಆ ಕುಸಿತವನ್ನು ತುಂಬುತ್ತಾ ಹೋಗಬೇಕು, ಇಲ್ಲದಿದ್ದರೆ ಕಡಲು ಒಳಗೆ ಬರುತ್ತದೆ, ಬಾವಿ ಉಪ್ಪಾಗುತ್ತದೆ. ಹೊಳೆಯನ್ನು ತಡೆದರೆ ಮರಳು ಏನು ಮಾಡುತ್ತದೆ ಎಂಬುದಕ್ಕೆ ತಿ. ನರಸೀಪುರ ತಾಲ್ಲೂಕಿನಲ್ಲೇ ಪುರಾವೆ ಇದೆ. ತಲಕಾಡಿನ ದೇವಸ್ಥಾನಗಳು ಮರಳಿನಲ್ಲಿ ಹೂತದ್ದಕ್ಕೆ ಜನ ಅಲಮೇಲಮ್ಮನ ಶಾಪವನ್ನು ಹೇಳುತ್ತಾರೆ. ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಅವರು ಅದನ್ನು ಹದಿನಾಲ್ಕನೇ ಶತಮಾನದ ಮಾಧವಮಂತ್ರಿ ಅಣೆಕಟ್ಟೆಯ ಜೊತೆಗಿಟ್ಟು ನೋಡಿದರು. ಕಟ್ಟೆಯಿಂದ ಹರಿವು ಬದಲಾಯಿತು, ಮರಳು ಬಯಲಾಯಿತು, ಗಾಳಿ ಅದನ್ನು ಊರೊಳಗೆ ಹೊತ್ತು ತಂದಿತು ಎಂಬುದು ಆ ವಾದದ ತಿರುಳು. ಒಂದು ಸಣ್ಣ ಕಟ್ಟೆ ಒಂದು ರಾಜಧಾನಿಯನ್ನು ಹೂಳುವಷ್ಟು ಮರಳಿನ ದಾರಿ ತಪ್ಪಿಸಬಲ್ಲುದಾದರೆ, 19.52 ಟಿಎಂಸಿಯ ಕಬಿನಿ, 49.45 ಟಿಎಂಸಿಯ ಕನ್ನಂಬಾಡಿ, 93.47 ಟಿಎಂಸಿಯ ಮೆಟ್ಟೂರು ಸಾಲಾಗಿ ನಿಂತ ಮೇಲೆ ಪೂಂಪುಹಾರಿಗೆ ಎಷ್ಟು ತಲುಪೀತು? ಕಟ್ಟೆಗಳ ನಡುವೆ ಉಳಿದ ಮರಳನ್ನು ಲಾರಿಗಳು ಹೊತ್ತವು. ಬೆಂಗಳೂರು, ಮೈಸೂರು ಬೆಳೆದ ವೇಗದಲ್ಲೇ ತಿ. ನರಸೀಪುರದ ಹೊಳೆಪಾತ್ರ ಇಳಿಯಿತು. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು 2012ರಲ್ಲಿ. ಎಂ-ಸ್ಯಾಂಡ್ ಬಂದು ಒತ್ತಡ ಸ್ವಲ್ಪ ತಗ್ಗಿಸಿದೆ. ಆದರೆ ಮರಳಿನ ಯಾವ ಪರವಾನಗಿಯಲ್ಲೂ ಹೊಳೆ ಕಡಲಿಗೆ ಒಯ್ಯಬೇಕಾದ ಮರಳು ಎಷ್ಟು ಎಂಬ ಕಲಂ ಇಲ್ಲ. ಬತ್ತೇರಿ, ಬಾವಲಿ, ಹೆಗ್ಗಡದೇವನಕೋಟೆಯ ಗುಡ್ಡಗಳು ಸವೆದು ಬಂದ ಮರಳು ಯಾವುದೋ ಬಡಾವಣೆಯ ಗೋಡೆಯಾಗಿ ನಿಂತಿದೆ. ಅದರ ಬೆಲೆಯ ಒಂದು ಭಾಗವನ್ನು ನಾಗಪಟ್ಟಿಣದ ದಡದವರು ಕೊಡುತ್ತಿದ್ದಾರೆ.

ನೀರು, ಮರಳು ಕಡಿಮೆಯಾದವು. ಹೆಚ್ಚಿದ್ದು ಕೊಳೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17ರಲ್ಲಿ ಕಬಿನಿಯದೂ ಒಂದಿತ್ತು: ನಂಜನಗೂಡಿನಿಂದ ಹೆಜ್ಜಿಗೆವರೆಗೆ. ಕೈಗಾರಿಕಾ ಪ್ರದೇಶ, ಬೆಳೆದ ಪಟ್ಟಣದ ಒಳಚರಂಡಿ, ಶ್ರೀಕಂಠೇಶ್ವರನ ಸನ್ನಿಧಿಗೆ ಬರುವ ಲಕ್ಷಾಂತರ ಭಕ್ತರು ಸ್ನಾನಘಟ್ಟದಲ್ಲಿ ಬಿಟ್ಟುಹೋಗುವ ಬಟ್ಟೆಬರೆ, ಗದ್ದೆ ಕಬ್ಬಿನ ತೋಟಗಳಿಂದ ಇಳಿಯುವ ಯೂರಿಯಾ, ಎಲ್ಲಕ್ಕೂ ಇದರಲ್ಲಿ ಪಾಲಿದೆ. ಯಾರೋ ಒಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ವಿಷಯವಲ್ಲ. ಇಲ್ಲಿ ಒಂದು ಆಕ್ಷೇಪಣೆಯನ್ನು ಒಪ್ಪಿಕೊಳ್ಳಲೇಬೇಕು. ನಂಜನಗೂಡಿನ ಪ್ಲಾಸ್ಟಿಕ್ ಚೀಲ ಬಂಗಾಳ ಕೊಲ್ಲಿ ಸೇರುತ್ತದೆ ಎಂದು ಶಾಲೆಯ ಭಿತ್ತಿಪತ್ರಗಳಲ್ಲಿ ಬರೆಯುತ್ತಾರಲ್ಲ, ಅದು ಬಹುಮಟ್ಟಿಗೆ ನಿಜವಲ್ಲ. ಕಡಲಿಗೆ ಪ್ಲಾಸ್ಟಿಕ್ ಹೊರುವ ನದಿಗಳನ್ನು ಲೆಕ್ಕ ಹಾಕಿದ 2021ರ ಅಧ್ಯಯನವೊಂದು, ಹೆಚ್ಚಿನ ಹೊರೆ ಬರುವುದು ಕರಾವಳಿ ಪಟ್ಟಣಗಳ ಸಣ್ಣ ಹೊಳೆಗಳಿಂದ, ಒಳನಾಡಿನ ಕಸ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿತು. ನಮ್ಮ ಚೀಲ ಪೊದೆಯಲ್ಲೋ ಮೆಟ್ಟೂರಿನ ಹಿನ್ನೀರಿನಲ್ಲೋ ನಿಲ್ಲುತ್ತದೆ. ಆದರೆ ನೀರಿನಲ್ಲಿ ಕರಗಿದ್ದು ಹಾಗೆ ಪೊದೆಗೆ ಸಿಕ್ಕಿಬೀಳುವುದಿಲ್ಲ. ನೈಟ್ರೇಟು, ಲವಣ, ಔಷಧದ ಅಂಶ ಒಂದಷ್ಟು ತೆಳುವಾಗುತ್ತವೆ, ಒಂದಷ್ಟು ಕಟ್ಟೆಗಳ ಹಿಂದೆ ಪಾಚಿಯಾಗುತ್ತವೆ, ಉಳಿದದ್ದು ಮುಂದೆ ಹೋಗುತ್ತದೆ. ಕಣ್ಣಿಗೆ ಕಾಣುವ ಕಸದ ಮೇಲೆ ಆಂದೋಲನ ನಡೆಯುತ್ತದೆ, ಕಾಣದ್ದು ಸದ್ದಿಲ್ಲದೆ ಹರಿಯುತ್ತದೆ.

ಕಡಲ ಮೀನು ಕಡಿಮೆಯಾಗಲು ಹೊಳೆಗಿಂತ ಟ್ರಾಲರುಗಳೇ ಮುಖ್ಯ ಕಾರಣ ಎನ್ನುವವರ ಮಾತಿನಲ್ಲಿ ಹುರುಳಿದೆ. ಬಲೆಯ ಕಣ್ಣು ಸಣ್ಣದಾಗಿ, ಎಂಜಿನು ದೊಡ್ಡದಾಗಿ, ಮರಿಮೀನನ್ನೂ ಬಳಿದು ಮೀನೆಣ್ಣೆ, ಮೀನುಗೊಬ್ಬರದ ಕಾರ್ಖಾನೆಗೆ ಸಾಗಿಸಿದ್ದು ಪೂರ್ವ, ಪಶ್ಚಿಮ ಎರಡೂ ಕಡಲಿನ ಕಥೆ. ಕರ್ನಾಟಕ 1986ರಲ್ಲೇ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಮಾಡಿತು. ಬೆಳಕು ಹಾಯಿಸಿ ಹಿಡಿಯುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು. ಹಾನಿಕರ ಸಬ್ಸಿಡಿಗೆ ಕಡಿವಾಣ ಹಾಕುವ ಒಪ್ಪಂದಕ್ಕೆ ವಿಶ್ವ ವ್ಯಾಪಾರ ಸಂಸ್ಥೆ 2022ರಲ್ಲಿ ಬಂತು. ಇವೆಲ್ಲ ಬೇಕು. ಆದರೆ ಬಲೆಗೆ ಬೀಳುವ ಮೀನನ್ನು ಉಳಿಸಿದರೆ ಸಾಲದು, ಅದು ಹುಟ್ಟುವ ಜಾಗ ಉಳಿಯಬೇಕು. ಸಿಗಡಿ, ಏಡಿ, ಹಲವು ಬಗೆಯ ಮೀನಿನ ಮರಿಗಳು ಬೆಳೆಯುವುದು ಅಳಿವೆಯ ಕಾಂಡ್ಲಾ ಕಾಡಿನಲ್ಲಿ. ಆ ಕಾಡಿಗೆ ಬೇಕಾದದ್ದು ಸಿಹಿಯೂ ಉಪ್ಪೂ ಹದವಾಗಿ ಬೆರೆತ ನೀರು. ಕೊಳ್ಳಿಡಂ ಮುಖದ ಪಿಚ್ಚಾವರಂ, ದಕ್ಷಿಣದ ತುದಿಯ ಮುತ್ತುಪೇಟೆ, ಎರಡೂ ಕಾವೇರಿಯ ನೀರನ್ನು ನಂಬಿದ ಕಾಂಡ್ಲಾ ಕಾಡುಗಳು. 2004ರ ಸುನಾಮಿಯಲ್ಲಿ ಕಡಲೂರು ಜಿಲ್ಲೆಯಲ್ಲಿ ಮರಗಳ ಮರೆಯಿದ್ದ ಹಳ್ಳಿಗಳಿಗೆ ಪೆಟ್ಟು ಕಡಿಮೆ ಬಿತ್ತೆಂದು ಮರುವರ್ಷ ವಿಜ್ಞಾನಿಗಳು ವರದಿ ಮಾಡಿದರು. ಗಂಗೆ, ಬ್ರಹ್ಮಪುತ್ರೆಯ ಮುಂದೆ ಕಾವೇರಿ ಎಷ್ಟರವಳು, ಕೊಲ್ಲಿಗೆ ಅವಳ ನೀರು ಲೆಕ್ಕಕ್ಕುಂಟೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಇಡೀ ಕೊಲ್ಲಿಗೆ ಅವಳು ಏನೂ ಅಲ್ಲ. ಪಿಚ್ಚಾವರಂಗೆ ಬರಬೇಕಾದ ನೀರನ್ನು ಮಾತ್ರ ಗಂಗೆ ತಂದುಕೊಡಲಾರಳು.

ಕನ್ನಡ ಓದುಗರ ಮನಸ್ಸಿನಲ್ಲಿ ಇಷ್ಟು ಹೊತ್ತಿಗೆ ಎದ್ದಿರುವ ಅನುಮಾನ ಬೇರೆ ಇರಬೇಕು. ಕಡಲಿನ ಹೆಸರಿನಲ್ಲಿ ತಮಿಳುನಾಡಿಗೆ ಇನ್ನಷ್ಟು ನೀರು ಬಿಡಿ ಎನ್ನುವ ಹೊಸ ಉಪಾಯವೇ ಇದು? 2016, 2023ರಂಥ ಬರದ ವರ್ಷಗಳಲ್ಲಿ ನಾಲೆಗೆ ನೀರಿಲ್ಲದೆ ಭತ್ತದ ಗದ್ದೆ ಬೀಳುಬಿಟ್ಟ ರೈತನ ಎದುರು ಮೀನಿಗೆ ನೀರು ಎನ್ನಲು ಯಾರಿಗೂ ನಾಲಿಗೆ ಏಳದು. ಏಳಬೇಕಾಗಿಯೂ ಇಲ್ಲ. ಪರಿಸರದ ಹತ್ತು, ಕಡಲಿನ ನಾಲ್ಕು ಟಿಎಂಸಿ ಯಾವ ರಾಜ್ಯದ ಪಾಲಿನಲ್ಲೂ ಸೇರಿಲ್ಲ, ನಮ್ಮ 284.75ರಿಂದ ಹನಿಯನ್ನೂ ಕೇಳುವುದಿಲ್ಲ. ಬರದ ವರ್ಷದ ನೀರಿಗಿಂತ ಮಳೆ ವರ್ಷದ ನೀರಿನ ಪ್ರಶ್ನೆ ಇದು. ವಯನಾಡಿನಲ್ಲಿ ಮಳೆ ಹುಯ್ದರೆ ಕಬಿನಿ ಬೇಗ ತುಂಬುತ್ತದೆ. ಕಟ್ಟೆ ಚಿಕ್ಕದು, ಗೇಟು ತೆರೆಯದೆ ಗತಿಯಿಲ್ಲ. 2018ರ ಆಗಸ್ಟಿನಲ್ಲಿ ಹಾಗೆ ಬಿಟ್ಟ ನೀರು ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯನ್ನು ಮುಳುಗಿಸಿತು. ಅದೇ ತಿಂಗಳ 22ರಂದು ತಿರುಚ್ಚಿ ಬಳಿಯ ಮುಕ್ಕೊಂಬುವಿನಲ್ಲಿ, ಕಾಟನ್ ಕಾಲದ ಮೇಲಣೆಯ ಒಂಬತ್ತು ಗೇಟುಗಳು ಕೊಚ್ಚಿಹೋದವು. ಅಲ್ಲಿ ಮರಳು ಬಗೆದು ಹೊಳೆಪಾತ್ರ ತಗ್ಗಾದದ್ದೇ ಕಾರಣ ಎಂಬ ಆರೋಪ ಕೇಳಿಬಂತು. ಆ ವರ್ಷ ಎರಡೂ ರಾಜ್ಯಗಳಲ್ಲಿ ನೀರು ವ್ಯರ್ಥವಾಗಿ ಸಮುದ್ರಕ್ಕೆ ಹೋಯಿತು ಎಂಬ ಸಂಕಟ ಕೇಳಿಸಿತು. ಬರಗಾಲ ಕಂಡ ಜನರಿಗೆ ಆ ಸಂಕಟ ಸಹಜವಾದದ್ದು. ಆದರೆ ಹತ್ತು ವರ್ಷದಲ್ಲಿ ಎರಡೋ ಮೂರೋ ಸಲ ಬರುವ ಆ ನೆರೆಯೇ ಅಳಿವೆಯ ಉಪ್ಪನ್ನು ತೊಳೆಯುವುದು, ಮರಳನ್ನು ನೂಕುವುದು, ಕಾಂಡ್ಲಾ ಬೀಜಕ್ಕೆ ಕೆಸರು ಹಾಸುವುದು. ಆ ನೀರನ್ನೂ ಪೂರ್ತಿ ಕಟ್ಟಿಹಾಕುವ ಯೋಜನೆ ಎರಡೂ ಕಡೆ ಬಂದಾಗಲೆಲ್ಲ ಅದರ ನಷ್ಟದ ಪುಟದಲ್ಲಿ ಅಳಿವೆಯನ್ನೂ ಬರೆಯಬೇಕು. ತಮಿಳುನಾಡಿನ ಪಾಲಿನ ತಪ್ಪೂ ಚಿಕ್ಕದಲ್ಲ. ಕೊಳ್ಳಿಡಂ ಮರಳು ಬಗೆದದ್ದು, ಮುಖಜಭೂಮಿಯ ಅಂತರ್ಜಲ ಹೀರಿದ್ದು ಕರ್ನಾಟಕವಲ್ಲ.

ಮೇಲಿನವರು ಕೆಳಗಿನ ಕಡಲಿಗೆ ಹೊಣೆ ಹೊತ್ತ ಉದಾಹರಣೆ ಎಲ್ಲಾದರೂ ಇದೆಯೇ? ಯೂರೋಪಿನ ರೈನ್ ನದಿಯಲ್ಲಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಿಂದ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿಗೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ, ಇಡೀ ಕಾವೇರಿಯ ಉದ್ದದಷ್ಟು. ಕಡಲೇ ಇಲ್ಲದ ಸ್ವಿಟ್ಜರ್‌ಲೆಂಡ್ 1950ರಿಂದಲೇ ರೈನ್ ರಕ್ಷಣಾ ಆಯೋಗದಲ್ಲಿದೆ. 1986ರ ನವೆಂಬರ್ 1ರಂದು ಬಾಸೆಲ್ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು, ನಂದಿಸಲು ಬಿಟ್ಟ ನೀರು ವಿಷವಾಗಿ ಹೊಳೆಗಿಳಿದು ಮೀನುಗಳು ಸತ್ತವು. ಮರುವರ್ಷ ತೀರದ ದೇಶಗಳು ಒಂದು ಗುರಿ ಹಾಕಿಕೊಂಡವು: 2000ದ ಹೊತ್ತಿಗೆ ಸಾಲ್ಮನ್ ಮೀನು ಮತ್ತೆ ಹೊಳೆ ಏರಬೇಕು. 1987ರಲ್ಲೇ ಉತ್ತರ ಸಮುದ್ರದ ದೇಶಗಳು, ಕಡಲಿಗೆ ಹೋಗುವ ಸಾರಜನಕ, ರಂಜಕವನ್ನು 1995ರೊಳಗೆ ಅರ್ಧಕ್ಕಿಳಿಸಲು ಒಪ್ಪಿದವು. ರಂಜಕದ ಗುರಿ ಮುಟ್ಟಿದರು, ಹೊಲಗಳಿಂದ ಬರುವ ಸಾರಜನಕದಲ್ಲಿ ಸೋತರು. ಸಾಲ್ಮನ್ ಮರಳಿ ಬಂತು, ಮೇಲಿನ ಕಟ್ಟೆಗಳು ಇನ್ನೂ ಅಡ್ಡ ಇವೆ. ಅವರು ಶ್ರೀಮಂತರು, ನಮಗೆ ಅದು ಹೇಗೆ ಸಾಧ್ಯ ಎನ್ನಬಹುದು. ಸಂಸ್ಕರಣ ಘಟಕಗಳಿಗೆ ಹಣ ಬೇಕೆಂಬುದು ನಿಜ. ಆದರೆ ಅಲ್ಲಿ ಮೊದಲು ನಡೆದದ್ದು ಖರ್ಚಲ್ಲ, ಅಳತೆ. ರಾಟರ್‌ಡ್ಯಾಮಿನ ಬಂದರಿನಲ್ಲಿ ಎತ್ತಿದ ಹೂಳು ಕಡಲಿಗೆ ಹಾಕಲಾಗದಷ್ಟು ವಿಷವಾಗಿತ್ತು. ಯಾವ ವಿಷ ಎಲ್ಲಿಂದ ಬಂತು ಎಂದು ಆ ನಗರ ಮೇಲಕ್ಕೆ ಹುಡುಕಿಕೊಂಡು ಹೋಯಿತು, ಅಂಕಿಗಳನ್ನಿಟ್ಟುಕೊಂಡು ಮೇಲಿನ ಕಾರ್ಖಾನೆಗಳ ಜೊತೆ ಮಾತಿಗೆ ಕೂತಿತು.

ಆ ಅಳತೆ ಇಲ್ಲಿ ಹೊಸದಾಗಿ ಶುರುವಾಗಬೇಕಾಗಿಲ್ಲ. ಕೇಂದ್ರ ಜಲ ಆಯೋಗದ ಒಂದು ಮಾಪನ ಕೇಂದ್ರ ಕಬಿನಿಯ ಮೇಲೆ ತಿ. ನರಸೀಪುರದಲ್ಲೇ ಇದೆ. ನೀರಿನ ಹರಿವು, ಅದರಲ್ಲಿ ತೇಲಿಬರುವ ಮಣ್ಣು, ಅದರ ಗುಣಮಟ್ಟ ಮೂರನ್ನೂ ಅದು ಅಳೆಯುತ್ತದೆ. ಮುಖಜಭೂಮಿಗೆ ಸ್ವಲ್ಪ ಮೊದಲು, ತಿರುಚ್ಚಿಯ ಮೇಲೆ ಮುಸಿರಿಯಲ್ಲಿ ಇಂಥದೇ ಇನ್ನೊಂದಿದೆ. ಎರಡರ ನಡುವೆ, ಗಡಿಯ ಬಿಳಿಗುಂಡ್ಲುವಿನಲ್ಲಿ, ಎರಡು ರಾಜ್ಯಗಳು ಕಣ್ಣಿಟ್ಟು ನೋಡುವ ಮೂರನೆಯದು. ಆದರೆ ಬಿಳಿಗುಂಡ್ಲುವಿನಲ್ಲಿ ಜಗಳಕ್ಕೆ ಬರುವುದು ಕ್ಯೂಸೆಕ್ ಒಂದೇ. 2018ರ ಜೂನಿನಲ್ಲಿ ರಚನೆಯಾದ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರ ತಿಂಗಳು ತಿಂಗಳು ಕೂಡುತ್ತದೆ, ನೀರಿನ ಪ್ರಮಾಣ ನೋಡುತ್ತದೆ. ಅದೇ ಸಭೆಯ ಮುಂದೆ ಈ ಮೂರೂ ಕೇಂದ್ರಗಳ ಮಣ್ಣು ಮತ್ತು ಗುಣಮಟ್ಟದ ಅಂಕಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಯಾವ ಕಟ್ಟೆಯ ಹಿಂದೆ ಎಷ್ಟು ಹೂಳು ನಿಂತಿತು, ಯಾವ ಊರಿನ ಕೆಳಗೆ ನೀರು ಕೆಟ್ಟಿತು ಎಂಬುದು ವಾದವಾಗಿ ಉಳಿಯುವುದಿಲ್ಲ. ಕರ್ನಾಟಕಕ್ಕೆ ಇದರಿಂದ ಅನುಕೂಲವೇ. ಗಡಿಯಲ್ಲಿ ನಾವು ಕೊಟ್ಟ ನೀರು ಹೇಗಿತ್ತು ಎಂದು ತೋರಿಸಲು ದಾಖಲೆ ಇರುತ್ತದೆ, ಆದರೆ ಅದಕ್ಕೆ ಮೊದಲು ನಂಜನಗೂಡು ಹೆಜ್ಜಿಗೆಯ ನಡುವಿನ ಪಟ್ಟಿ ಸರಿಯಾಗಬೇಕು. ಮರಳಿನ ಗುತ್ತಿಗೆ ಹರಾಜಿಗಿಡುವ ಮುನ್ನ ಹಿಂದಿನ ಮಳೆಗಾಲದಲ್ಲಿ ತಿ. ನರಸೀಪುರದ ಕೇಂದ್ರದಲ್ಲಿ ಎಷ್ಟು ಮಣ್ಣು ಹಾದುಹೋಯಿತು ಎಂದು ಗಣಿ ಇಲಾಖೆ ನೋಡುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಸುಪ್ರೀಂ ಕೋರ್ಟಿನ ತೀರ್ಪು ಹಂಚಿಕೆಯನ್ನು ಹದಿನೈದು ವರ್ಷಕ್ಕೆ ನಿಗದಿ ಮಾಡಿದೆ. 2033ರಲ್ಲಿ ಆ ಲೆಕ್ಕ ಮತ್ತೆ ತೆರೆಯುವ ಹೊತ್ತಿಗೆ, ಸಮುದ್ರದ ನಾಲ್ಕು ಟಿಎಂಸಿ ಸಾಕೋ ಸಾಲದೋ ಎಂದು ಹೇಳುವಷ್ಟು ವರ್ಷಗಳ ಅಂಕಿ ಕೈಯಲ್ಲಿರಬೇಕಾದರೆ ಅವನ್ನು ಜೋಡಿಸಲು ಈಗಲೇ ಕೂರಬೇಕು.